ಹಣೆಬರಹ, ಮೆದುಳು ಮತ್ತು ಧೃತಿ

ಆಷಾಢದ ಒಂದು ಸಂಜೆ ಯಲಹಂಕದ ನಮ್ಮ ಚಿಕಿತ್ಸಾಲಯಕ್ಕೆ ಇಪ್ಪತ್ತೆರಡು ವರ್ಷದ ತರುಣನೊಬ್ಬನು ತನ್ನ ತಂದೆಯನ್ನು ಕರೆತಂದನು. ತಂದೆಗೆ ಐವತ್ತೊಂದು ವರ್ಷ. ಪೀಣ್ಯದಲ್ಲಿ ಲೇಥ್ ಯಂತ್ರದ ಕೆಲಸ. ಹೊಟ್ಟೆಯನ್ನು ಒತ್ತಿ ನೋಡಿದಾಗ ಯಕೃತ್ತು ಹಿಗ್ಗಿರುವುದು ಕೈಗೆ ತಿಳಿಯುತ್ತಿತ್ತು. ಚಾಚಿದ ಬೆರಳುಗಳು ನಡುಗುತ್ತಿದ್ದವು. ಮದ್ಯಪಾನ ಎಷ್ಟು ವರ್ಷಗಳಿಂದ ಎಂದು ಕೇಳಿದೆವು. ಅವರು ಲೆಕ್ಕ ಹೇಳಲಿಲ್ಲ. "ನಮ್ಮಪ್ಪನೂ ಕುಡಿದೇ ಹೋದರು ಡಾಕ್ಟರೇ. ಹಣೆಬರಹ. ಅಳಿಸುವುದಕ್ಕೆ ಆಗುತ್ತದೆಯೇ?" ಎಂದರು.

ಈ ಮಾತು ನಮಗೆ ಹೊಸದಲ್ಲ. ಹೊಸದೆನಿಸಿದ್ದು, ತಂದೆ ರಕ್ತಪರೀಕ್ಷೆಗೆಂದು ಹೊರಗೆ ಹೋದ ಮೇಲೆ ಮಗನು ಕೇಳಿದ ಪ್ರಶ್ನೆ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ; ಓದಿಕೊಂಡವನು. "ನಾವು ನಿರ್ಧರಿಸಿದೆವು ಎಂದು ನಮಗೆ ಅನಿಸುವ ಮೊದಲೇ ಮೆದುಳು ನಿರ್ಧರಿಸಿರುತ್ತದೆ ಎಂದು ವಿಜ್ಞಾನಿಗಳು ಪ್ರಯೋಗದಿಂದ ತೋರಿಸಿದ್ದಾರಂತೆ. ಅಪ್ಪ ಹೇಳುವ ಹಣೆಬರಹಕ್ಕೂ ಇದಕ್ಕೂ ಏನು ವ್ಯತ್ಯಾಸ? ಹಾಗಿದ್ದರೆ ಕುಡಿತ ಬಿಡಿ ಎಂದು ಅವರನ್ನು ದಿನವೂ ಬೈಯುವುದು ಅನ್ಯಾಯವಲ್ಲವೇ? ಮತ್ತೆ..." ಎಂದು ಸ್ವಲ್ಪ ತಡೆದು, "ನನ್ನ ಸರದಿ ಯಾವಾಗ?" ಎಂದನು.

ಹೊರಗೆ ಹನ್ನೆರಡು ಮಂದಿ ಕಾದಿದ್ದರು. ಏನೋ ಎರಡು ಮಾತು ಹೇಳಿ ಕಳುಹಿಸಿದೆವು. ಆ ಉತ್ತರ ನಮಗೇ ಸಾಲದೆನಿಸಿದ ಕಾರಣ, ಆರೋಗ್ಯ ವಿಭಾಗದ ಈ ತಿಂಗಳ ಪುಟಗಳನ್ನು ಅದಕ್ಕಾಗಿಯೇ ಮೀಸಲಿಡುತ್ತಿದ್ದೇವೆ. ಮಧುಮೇಹಿಗೆ ಸಿಹಿ ಬಿಡಲು ಹೇಳುವಾಗಲೂ, ಬೀಡಿ ಸೇದುವವರಿಗೆ ಬುದ್ಧಿ ಹೇಳುವಾಗಲೂ ಇದೇ ಪ್ರಶ್ನೆ ವೈದ್ಯನ ಎದುರು ಬಂದು ಕೂರುತ್ತದೆ. ಬಿಡುವ ಶಕ್ತಿ ರೋಗಿಯ ಕೈಯಲ್ಲಿ ಇಲ್ಲವೇ ಇಲ್ಲವಾದರೆ ಪಥ್ಯ ಹೇಳುವುದು ವ್ಯರ್ಥ. ಪೂರ್ತಿ ಅವನ ಕೈಯಲ್ಲೇ ಇದೆಯಾದರೆ ಔಷಧ ಕೊಡುವುದೇಕೆ?

ಮೊದಲು ಆ ಪ್ರಯೋಗದ ವಿಚಾರ. ಮನುಷ್ಯನು ತಾನಾಗಿ ಕೈಯನ್ನು ಅಲ್ಲಾಡಿಸುವುದಕ್ಕೆ ಮುಂಚೆ ಅವನ ಮೆದುಳಿನಲ್ಲಿ ಒಂದು ವಿದ್ಯುತ್ ಅಲೆ ಮೆಲ್ಲಮೆಲ್ಲನೆ ಏರುತ್ತದೆಂಬುದನ್ನು ಜರ್ಮನಿಯ ಫ್ರೈಬುರ್ಗ್ ನಗರದಲ್ಲಿ ಕೋರ್ನ್‌ಹ್ಯೂಬರ್ ಮತ್ತು ಡೀಕ ಎಂಬಿಬ್ಬರು ಕಂಡು 1965ರಲ್ಲಿ ಪ್ರಕಟಿಸಿದರು. ಅದನ್ನು ಸಿದ್ಧತೆಯ ಅಲೆ ಎನ್ನೋಣ. 1983ರಲ್ಲಿ ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದ ಬೆಂಜಮಿನ್ ಲಿಬೆಟ್ ಒಂದು ಹೆಜ್ಜೆ ಮುಂದೆ ಹೋದರು. ವೇಗವಾಗಿ ಸುತ್ತುವ ಬಿಂದುವುಳ್ಳ ಗಡಿಯಾರವನ್ನು ಎದುರಿಗಿಟ್ಟು, ಮನಸ್ಸಾದಾಗ ಬೆರಳನ್ನೋ ಮಣಿಕಟ್ಟನ್ನೋ ಆಡಿಸಿರಿ, ಆಡಿಸಬೇಕೆಂಬ ಇಚ್ಛೆ ಹುಟ್ಟಿದ್ದು ಬಿಂದು ಎಲ್ಲಿದ್ದಾಗ ಎಂಬುದನ್ನು ಹೇಳಿರಿ ಎಂದು ಕೇಳಿದರು. ಇಚ್ಛೆಯ ಅರಿವು ಚಲನೆಗಿಂತ ಸುಮಾರು 200 ಮಿಲಿಸೆಕೆಂಡ್ ಮುಂಚೆ ಬಂದಿತ್ತು. ಸಿದ್ಧತೆಯ ಅಲೆಯಾದರೋ ಸುಮಾರು 550 ಮಿಲಿಸೆಕೆಂಡ್ ಮುಂಚೆಯೇ ಆರಂಭವಾಗಿತ್ತು. ಅಂದರೆ 'ನಾನು ಮಾಡುತ್ತೇನೆ' ಎಂಬ ಅರಿವಿಗಿಂತ ಸೆಕೆಂಡಿನ ಮೂರನೆಯ ಒಂದು ಭಾಗದಷ್ಟು ಮೊದಲೇ ಮೆದುಳು ಹೊರಟು ನಿಂತಿತ್ತು.

2008ರಲ್ಲಿ ಜರ್ಮನಿಯ ಜಾನ್ ಡಿಲನ್ ಹೇನ್ಸ್ ಅವರ ತಂಡ ಎಂಆರ್‌ಐ ಯಂತ್ರವನ್ನು ಬಳಸಿ, ವ್ಯಕ್ತಿಯು ಎಡಗುಂಡಿಯನ್ನು ಒತ್ತುವನೋ ಬಲಗುಂಡಿಯನ್ನೋ ಎಂಬ ಸುಳಿವು ಏಳೆಂಟು ಸೆಕೆಂಡುಗಳ ಮುಂಚೆಯೇ ಮೆದುಳಿನಲ್ಲಿ ಸಿಗುತ್ತದೆಂದು ತೋರಿಸಿತು. ಪತ್ರಿಕೆಗಳು ಇದನ್ನು ದೊಡ್ಡದಾಗಿ ಬರೆದವು. ಬರೆಯದೆ ಬಿಟ್ಟ ಸಂಗತಿಯೊಂದಿದೆ: ಆ ಸುಳಿವು ಸರಿಯಾಗುತ್ತಿದ್ದುದು ನೂರಕ್ಕೆ ಸುಮಾರು ಅರವತ್ತು ಬಾರಿ ಮಾತ್ರ. ನಾಣ್ಯ ಚಿಮ್ಮಿದರೂ ಐವತ್ತು ಬಾರಿ ಸರಿಯಾಗುತ್ತದೆ. ಒಲವು ಮೊದಲೇ ಇತ್ತೆಂಬುದಷ್ಟೇ ಅದರಿಂದ ತಿಳಿಯುವುದು. ತೀರ್ಪು ಬರೆದಾಗಿತ್ತು ಎಂದಲ್ಲ.

ಆ ಬಳಿಕ ನಡೆದ ಕೆಲಸ ಇನ್ನೂ ಸ್ವಾರಸ್ಯದ್ದು. 2012ರಲ್ಲಿ ಆರನ್ ಶರ್ಗರ್ ಮತ್ತು ಸಂಗಡಿಗರು, ಆ ಅಲೆಯು ನಿರ್ಧಾರವೇ ಆಗಿರಬೇಕಿಲ್ಲ, ಮೆದುಳಿನಲ್ಲಿ ಸದಾ ಏರಿಳಿಯುತ್ತಿರುವ ಗದ್ದಲವು ಒಂದು ಮಟ್ಟವನ್ನು ತಲುಪಿದಾಗ ಚಲನೆ ಉಂಟಾಗುತ್ತದೆ, ಅಂಥ ಏರಿಕೆಗಳನ್ನೇ ಒಟ್ಟುಗೂಡಿಸಿ ನೋಡಿದಾಗ ಮುಂಚಿತ ಸಿದ್ಧತೆಯಂತೆ ಕಾಣುತ್ತದೆ ಎಂದು ವಾದಿಸಿದರು. 2019ರಲ್ಲಿ ಉರಿ ಮಾವೊಜ್ ಮೊದಲಾದವರು ಬೆರಳಾಟವನ್ನು ಬಿಟ್ಟು, ಎರಡು ಸೇವಾಸಂಸ್ಥೆಗಳಲ್ಲಿ ಯಾವುದಕ್ಕೆ ಹಣ ಸಲ್ಲಬೇಕೆಂಬ ನಿಜವಾದ ಆಯ್ಕೆಯನ್ನು ಜನರ ಮುಂದಿಟ್ಟರು. ಕಾರಣವಿಲ್ಲದ ಆಯ್ಕೆಯಲ್ಲಿ ಕಾಣುತ್ತಿದ್ದ ಸಿದ್ಧತೆಯ ಅಲೆ, ಯೋಚಿಸಿ ಮಾಡಿದ ಆಯ್ಕೆಯಲ್ಲಿ ಬಹುತೇಕ ಕಾಣಲಿಲ್ಲ. ಬೆರಳನ್ನು ಯಾವಾಗ ಮಡಿಸಬೇಕೆಂಬುದಕ್ಕೂ ಮಗಳನ್ನು ಯಾವ ಮನೆಗೆ ಕೊಡಬೇಕೆಂಬುದಕ್ಕೂ ಒಂದೇ ಅಳತೆಗೋಲು ಹಿಡಿಯಲಾಗದೆಂಬುದು ನಮ್ಮ ಅಜ್ಜಿಯಂದಿರಿಗೂ ತಿಳಿದಿದ್ದ ವಿಷಯ. ಆದರೂ ಪ್ರಯೋಗದಿಂದ ತಿಳಿದದ್ದು ಒಳ್ಳೆಯದೇ.

ಆದುದರಿಂದ ವಿಜ್ಞಾನವು ಇಚ್ಛೆಯನ್ನೇ ಅಳಿಸಿಹಾಕಿದೆ ಎಂಬ ಮಾತು ಅತಿಯಾಯಿತು. ಹಾಗೆಂದು ಕಾರಣಗಳ ಸರಪಳಿಯಿಂದ ಹೊರಗೆ ನಿಂತು ಆಜ್ಞೆ ಕೊಡುವ ಒಬ್ಬ ಒಡೆಯನು ತಲೆಯೊಳಗೆ ಕುಳಿತಿದ್ದಾನೆ ಎಂಬ ಸುಖದ ನಂಬಿಕೆಗೂ ವಿಜ್ಞಾನ ಎಡೆಗೊಡುವುದಿಲ್ಲ. ಕೆಲವರು ಅಣುವಿನ ಭೌತಶಾಸ್ತ್ರದಲ್ಲಿ ಅನಿಶ್ಚಿತತೆಯಿದೆ, ಅಲ್ಲಿಂದ ಸ್ವಾತಂತ್ರ್ಯ ಬರುತ್ತದೆ ಎನ್ನುತ್ತಾರೆ. ಆಕಸ್ಮಿಕವಾಗಿ ನಡೆದದ್ದು ನನ್ನ ಆಯ್ಕೆ ಹೇಗಾದೀತು? ಆ ದಾರಿಯನ್ನು ನಾವು ಇಲ್ಲಿಗೇ ಬಿಡುತ್ತೇವೆ.

ಇಚ್ಛೆಯು ದೇಹದ ಸ್ಥಿತಿಯನ್ನು ಎಷ್ಟು ಅವಲಂಬಿಸಿದೆ ಎಂಬುದಕ್ಕೆ ಪಾರ್ಕಿನ್ಸನ್ ರೋಗದ ಒಂದು ಉದಾಹರಣೆ ಸಾಕು. ಕಂಪವಾತವೆಂದು ನಾವು ಕರೆಯುವ ಈ ರೋಗದಲ್ಲಿ ಮೆದುಳಿನ ಡೋಪಮೈನ್ ಕುಗ್ಗುತ್ತದೆ. ಅದರ ಕೆಲಸವನ್ನು ಮಾಡುವ ಔಷಧಗಳನ್ನು ಕೊಡುತ್ತಾರೆ. ಅಂಥ ಔಷಧ ಸೇವಿಸುತ್ತಿದ್ದ ಕೆಲವು ರೋಗಿಗಳು, ಅದಕ್ಕೆ ಮುಂಚೆ ಜೂಜಿನ ಗೀಳಿಲ್ಲದವರು, ಆಸ್ತಿ ಕಳೆಯುವಷ್ಟು ಜೂಜಿಗೆ ಬಿದ್ದುದನ್ನು 2005ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನ ವೈದ್ಯರು ವರದಿ ಮಾಡಿದರು. ಔಷಧವನ್ನು ನಿಲ್ಲಿಸಿದಾಗ ಅಥವಾ ತಗ್ಗಿಸಿದಾಗ ಹೆಚ್ಚಿನವರಲ್ಲಿ ಆ ಚಟವೂ ಹೊರಟುಹೋಯಿತು. ಅವರನ್ನು ದುರ್ವ್ಯಸನಿಗಳೆಂದು ಹಳಿದಿದ್ದ ಮನೆಯವರ ಸಂಕಟವನ್ನು ಊಹಿಸಿರಿ. (ಇಲ್ಲೊಂದು ಎಚ್ಚರಿಕೆ: ನಮ್ಮ ನಸುಗುನ್ನಿ ಬೀಜದಲ್ಲಿಯೂ ಡೋಪಮೈನ್ ಆಗಿ ಮಾರ್ಪಡುವ ದ್ರವ್ಯ ಸ್ವಾಭಾವಿಕವಾಗಿಯೇ ಇದೆ. ಗಿಡಮೂಲಿಕೆ ತಾನೇ ಎಂದು ಪಾರ್ಕಿನ್ಸನ್ ಮಾತ್ರೆಗಳ ಜೊತೆಗೆ ಅದನ್ನು ತಾವಾಗಿಯೇ ಸೇವಿಸುವವರಿದ್ದಾರೆ. ಅದು ಸಲ್ಲದು.)

ಹುಡುಗನ 'ನನ್ನ ಸರದಿ' ಎಂಬ ಮಾತಿಗೂ ಒಂದು ಆಧಾರವಿದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ಮದ್ಯವ್ಯಸನಕ್ಕೆ ಒಳಗಾಗುವ ಸಂಭವದಲ್ಲಿ ಜನರ ನಡುವೆ ಕಾಣುವ ವ್ಯತ್ಯಾಸಕ್ಕೆ ಸುಮಾರು ಅರ್ಧದಷ್ಟು ಕಾರಣ ಅನುವಂಶೀಯತೆ ಎಂದು ಅವಳಿಗಳ ಅಧ್ಯಯನಗಳು ಹೇಳುತ್ತವೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೇ ವಿವೇಕ್ ಬೆನೆಗಲ್, ಎಸ್. ಎಂ. ಚನ್ನಬಸವಣ್ಣ ಮೊದಲಾದವರು 1995ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು. ಅಪರೂಪದ ಸೂಚನೆಯೊಂದನ್ನು ಕಂಡಾಗ ಸುಮಾರು 300 ಮಿಲಿಸೆಕೆಂಡಿನ ಬಳಿಕ ಮೆದುಳಿನಲ್ಲಿ ಏಳುವ ಅಲೆಯನ್ನು ಅವರು ಅಳೆದರು. ಮದ್ಯವ್ಯಸನಿಗಳ ಹತ್ತಿರದ ಗಂಡು ಸಂಬಂಧಿಗಳಲ್ಲಿ, ಅಪಾಯದ ಸಂಭವ ಹೆಚ್ಚಿದಷ್ಟೂ ಆ ಅಲೆ ತಗ್ಗಿತ್ತು. ಆದುದರಿಂದ ತಂದೆಯ ಮಾತು ಪೂರ್ತಿ ಸುಳ್ಳಲ್ಲ. ಆದರೆ ಅರ್ಧ ಎಂಬುದು ಅರ್ಧವೇ. ಮತ್ತು ಅದು ಜನಸಮುದಾಯದ ಲೆಕ್ಕ. ಈ ಹುಡುಗನ ಹಣೆಯ ಮೇಲಿನ ಬರಹವಲ್ಲ. ಎಂದೂ ಮದ್ಯವನ್ನು ಮುಟ್ಟದವನಲ್ಲಿ ಆ ಆನುವಂಶಿಕ ಒಲವು ಮದ್ಯವ್ಯಸನವಾಗಿ ಬೆಳೆಯುವ ದಾರಿಯೇ ಇಲ್ಲ.

ಹುಟ್ಟಿನಿಂದ ಬಂದದ್ದು ಹೀಗಾದರೆ, ಬದುಕಿನಲ್ಲಿ ಬಂದು ಸೇರುವುದೂ ಇದೆ. ಯಲಹಂಕದಿಂದ ಹೆಬ್ಬಾಳಕ್ಕೆ ಹೋಗುವ ಬಳ್ಳಾರಿ ರಸ್ತೆಯಲ್ಲಿ ಕೃಷಿ ವಿಶ್ವವಿದ್ಯಾನಿಲಯದ ಜಿಕೆವಿಕೆ ಆವರಣವನ್ನು ದಿನವೂ ಸಾವಿರಾರು ಜನ ದಾಟುತ್ತೇವೆ. ಆ ಆವರಣದಲ್ಲಿಯೇ ರಾಷ್ಟ್ರೀಯ ಜೈವಿಕ ವಿಜ್ಞಾನಗಳ ಕೇಂದ್ರವಿದೆ. ಎನ್‌ಸಿಬಿಎಸ್ ಎಂದು ಅದರ ಹೆಸರು. ಅಲ್ಲಿ ಸುಮಂತ್ರ ಚಟರ್ಜಿ ಅವರ ತಂಡ ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕಟ್ಟಿಟ್ಟು, ಬಳಿಕ ಅವುಗಳ ಮೆದುಳನ್ನು ಪರೀಕ್ಷಿಸಿತು. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಎಂಬ ಭಾಗದ ನರಕೋಶಗಳ ಕೊಂಬೆಗಳು ಕುಗ್ಗಿದ್ದವು. ಭಯ ಆತಂಕಗಳ ನೆಲೆಯಾದ ಅಮಿಗ್ಡಲದ ಕೊಂಬೆಗಳು ಬದಲಾಗಿ ಹಬ್ಬಿದ್ದವು. ಇದು 2002ರ ವರದಿ. 2004ರಲ್ಲಿ ಅದೇ ತಂಡ ಇನ್ನೂ ಗಂಭೀರವಾದ ಸಂಗತಿಯನ್ನು ತಿಳಿಸಿತು: ಇಲಿಗಳಿಗೆ 21 ದಿನ ಯಾವ ಒತ್ತಡವೂ ಇಲ್ಲದೆ ವಿಶ್ರಾಂತಿ ಕೊಟ್ಟರೂ ಅಮಿಗ್ಡಲದ ಹಬ್ಬುವಿಕೆ ಹಿಂದಕ್ಕೆ ಬರಲಿಲ್ಲ, ಆತಂಕದ ವರ್ತನೆಯೂ ಇಳಿಯಲಿಲ್ಲ.

ಮನುಷ್ಯನು ಇಲಿಯಲ್ಲ, ನಿಜ. ಆದರೆ ಪಾಳಿಯ ಕೆಲಸ, ಸಾಲದ ಕಂತು, ಗೊರಗುಂಟೆಪಾಳ್ಯದ ವಾಹನದಟ್ಟಣೆಯಲ್ಲಿ ದಿನಕ್ಕೆ ಎರಡು ಗಂಟೆ ಅಲುಗಾಡದೆ ನಿಲ್ಲುವುದು, ಇವುಗಳನ್ನು ವರ್ಷಗಟ್ಟಲೆ ಅನುಭವಿಸಿದವನಿಗೆ 'ಮನಸ್ಸು ಗಟ್ಟಿ ಮಾಡಿಕೋ' ಎಂದು ಹೇಳುವ ಮುನ್ನ, ಗಟ್ಟಿಯಾಗಬೇಕಾದ ಆ ಮನಸ್ಸಿನ ಆಶ್ರಯಸ್ಥಾನದ ಸ್ಥಿತಿ ಹೇಗಿದೆ ಎಂದು ಯೋಚಿಸುವುದು ವೈದ್ಯನ ಧರ್ಮ.

ಈಗ ಹುಡುಗನ ಮುಖ್ಯ ಪ್ರಶ್ನೆಗೆ ಬರೋಣ. ಎಲ್ಲಕ್ಕೂ ಕಾರಣವಿದೆ ಎಂಬ ವಿಜ್ಞಾನಕ್ಕೂ ಎಲ್ಲವೂ ಹಣೆಬರಹ ಎಂಬ ಮಾತಿಗೂ ವ್ಯತ್ಯಾಸವೇನು? ಅಚ್ಚರಿಯೆಂದರೆ ಈ ಪ್ರಶ್ನೆಯನ್ನು ಚರಕಸಂಹಿತೆಯ ವಿಮಾನಸ್ಥಾನದ ಮೂರನೆಯ ಅಧ್ಯಾಯದಲ್ಲಿ ಅಗ್ನಿವೇಶನು ಗುರು ಆತ್ರೇಯನಿಗೆ ಕೇಳಿದ್ದಾನೆ. ಪಾಂಚಾಲ ದೇಶದ ಕಾಂಪಿಲ್ಯದಲ್ಲಿ ಗಂಗೆಯ ತೀರದ ಸಂವಾದವದು. ಊರಿಗೆ ಊರೇ ನಾಶವಾಗುವ ಸಾಂಕ್ರಾಮಿಕ ವ್ಯಾಧಿಗಳ ಪ್ರಸಂಗ. ಎಲ್ಲರ ಆಯುಷ್ಯವೂ ಮೊದಲೇ ನಿಶ್ಚಿತವಾಗಿದೆಯೇ ಎಂಬುದು ಶಿಷ್ಯನ ಪ್ರಶ್ನೆ. ಆತ್ರೇಯನು ಹೌದೆಂದೂ ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ. ಹಿಂದೆ ಆಗಿಹೋದ ಕರ್ಮವು ದೈವ, ಈಗ ಇಲ್ಲಿ ಮಾಡುವುದು ಪುರುಷಕಾರ, ಆಯುಷ್ಯವು ಇವೆರಡರ ಬಲಾಬಲದ ಮೇಲೆ ನಿಂತಿದೆ ಎನ್ನುತ್ತಾನೆ. ದುರ್ಬಲವಾದ ದೈವವನ್ನು ಪುರುಷಕಾರವು ಮೀರಬಲ್ಲದು. ಬಲವಾದ ದೈವವು ಪುರುಷಕಾರವನ್ನು ತಡೆಯಬಲ್ಲದು.

ಅವನು ಕೊಡುವ ಯುಕ್ತಿ ಇನ್ನೂ ಸೊಗಸು. ಆಯುಷ್ಯ ನಿಶ್ಚಿತವೇ ಆಗಿದ್ದರೆ ಯಾರೂ ಔಷಧವನ್ನು ಸೇವಿಸುತ್ತಿರಲಿಲ್ಲ, ಮದವೇರಿದ ಆನೆ ಬಂದಾಗ ಪಕ್ಕಕ್ಕೆ ಸರಿಯುತ್ತಲೂ ಇರಲಿಲ್ಲ. ಬಂಡಿಯ ಅಚ್ಚಿನ ದೃಷ್ಟಾಂತವನ್ನೂ ಅವನೇ ಕೊಡುತ್ತಾನೆ. ಒಳ್ಳೆಯ ಮರದ ಅಚ್ಚು ಸರಿಯಾಗಿ ಓಡಿಸಿದರೆ ತನ್ನ ಕಾಲ ಮುಗಿದ ಮೇಲೆ ಸವೆಯುತ್ತದೆ; ಅದೇ ಅಚ್ಚು ಅತಿಭಾರದಿಂದ, ಕೆಟ್ಟ ದಾರಿಯಿಂದ, ಎಣ್ಣೆಯಿಲ್ಲದೆ, ಓಡಿಸುವವನ ತಪ್ಪಿನಿಂದ ನಡುದಾರಿಯಲ್ಲೇ ಮುರಿಯುತ್ತದೆ. ಮರದ ಜಾತಿ ನಮ್ಮ ಕೈಯಲ್ಲಿಲ್ಲ. ಎಣ್ಣೆ ಹಾಕುವುದು ಇದೆ.

ವ್ಯತ್ಯಾಸ ಇಲ್ಲಿಯೇ ಇದೆ. ಹಣೆಬರಹ ಎನ್ನುವವನು, ನೀನು ಏನು ಮಾಡಿದರೂ ಮಾಡದಿದ್ದರೂ ಆಗುವುದು ಅದೇ ಎನ್ನುತ್ತಾನೆ. ಕಾರ್ಯಕಾರಣವನ್ನು ಒಪ್ಪುವವನು, ಆಗುವುದೆಲ್ಲವೂ ಕಾರಣಗಳಿಂದ ಆಗುತ್ತದೆ, ನೀನು ಮಾಡುವುದೂ ಕೇಳುವುದೂ ಓದುವುದೂ ಆ ಕಾರಣಗಳಲ್ಲಿ ಸೇರಿವೆ ಎನ್ನುತ್ತಾನೆ. ಮೊದಲನೆಯ ಮಾತಿನಿಂದ ಔಷಧಾಲಯಕ್ಕೆ ಬೀಗ ಬೀಳುತ್ತದೆ. ಎರಡನೆಯದರಿಂದ ಔಷಧಾಲಯಕ್ಕೆ ಅರ್ಥ ಬರುತ್ತದೆ. ಕಾರಣವಿಲ್ಲದೆ ಮನಸ್ಸು ಬದಲಾಗುವುದಾಗಿದ್ದರೆ ವೈದ್ಯನ ಮಾತಿಗಾಗಲಿ, ಗುರುವಿನ ಬೋಧೆಗಾಗಲಿ, ಮಗನ ಕಣ್ಣೀರಿಗಾಗಲಿ ಅದನ್ನು ಬದಲಿಸುವ ಬಲವೆಲ್ಲಿಂದ ಬರಬೇಕು? ನಮ್ಮ ಶರಣರು ಪಂಚಾಂಗ, ಮುಹೂರ್ತ, ಹುಟ್ಟಿನ ಜಾತಿ ಇವು ಮನುಷ್ಯನನ್ನು ಕಟ್ಟಿಹಾಕುವುದನ್ನು ಹನ್ನೆರಡನೆಯ ಶತಮಾನದಲ್ಲಿಯೇ ಒಪ್ಪದೆ ಹೋದುದನ್ನು ಈ ಪತ್ರಿಕೆಯ ಓದುಗರಿಗೆ ನಾವು ವಿವರಿಸಬೇಕಿಲ್ಲ.

ಹಾಗಾದರೆ ನಮ್ಮ ಕೈಯಲ್ಲಿರುವ ಭಾಗ ಯಾವುದು? ಲಿಬೆಟ್ ತಮ್ಮ ಪ್ರಯೋಗದಿಂದಲೇ ಒಂದು ಉತ್ತರ ಕೊಟ್ಟಿದ್ದರು: ಪ್ರೇರಣೆಯು ಅರಿವಿಗೆ ಮುಂಚೆ ಹುಟ್ಟಿದರೂ ಅದನ್ನು ತಡೆಯಲು ಸಮಯ ಉಳಿದಿರುತ್ತದೆ. 2016ರಲ್ಲಿ ಬರ್ಲಿನ್‌ನ ಸಂಶೋಧಕರು ಇದನ್ನು ನೇರವಾಗಿ ಪರೀಕ್ಷಿಸಿದರು. ಸಿದ್ಧತೆಯ ಅಲೆ ಏಳುತ್ತಿರುವಾಗಲೇ ಕಂಪ್ಯೂಟರ್ ಕೆಂಪು ದೀಪ ತೋರಿಸಿದರೆ, ಚಲನೆಗೆ ಸುಮಾರು 200 ಮಿಲಿಸೆಕೆಂಡ್ ಉಳಿದಿರುವವರೆಗೂ ಜನರು ಅದನ್ನು ರದ್ದುಪಡಿಸಬಲ್ಲವರಾಗಿದ್ದರು. ಅಲ್ಲಿಂದಾಚೆಗೆ ಬಾಣ ಬಿಲ್ಲಿನಿಂದ ಹೊರಟಂತೆ.

ಯಶವಂತಪುರದ ಬದಿಯಲ್ಲಿ ನಮ್ಮ ಹಿರಿಯರು ಇಂದಿಗೂ ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆಯಿದೆ. ಅದರ ನರವಿಜ್ಞಾನ ಕೇಂದ್ರದಲ್ಲಿ ಆದಿತ್ಯ ಮೂರ್ತಿ ಅವರ ಪ್ರಯೋಗಾಲಯ ಇದೇ ವಿಷಯದ ಮೇಲೆ ಕೆಲಸ ಮಾಡಿದೆ: ಒಂದು ಕಡೆಗೆ ಹೊರಡಲು ಸಿದ್ಧವಾದ ದೃಷ್ಟಿಯನ್ನು ಮೆದುಳು ಹೇಗೆ ತಡೆದು ಬೇರೆಡೆಗೆ ತಿರುಗಿಸುತ್ತದೆ ಎಂಬುದು. ಇಂಥ ಪ್ರಯೋಗಗಳ ಹಿಂದಿರುವುದು 1984ರಲ್ಲಿ ಲೋಗನ್ ಮತ್ತು ಕೋವನ್ ರೂಪಿಸಿದ ಓಟದ ಕಲ್ಪನೆ. 'ಹೋಗು' ಎಂಬ ಪ್ರಕ್ರಿಯೆಯೂ 'ನಿಲ್ಲು' ಎಂಬ ಪ್ರಕ್ರಿಯೆಯೂ ಮೆದುಳಿನಲ್ಲಿ ಜೊತೆಜೊತೆಯಾಗಿ ಓಡುತ್ತವೆ, ಯಾವುದು ಮೊದಲು ಗುರಿ ಮುಟ್ಟುವುದೋ ಅದೇ ನಡೆಯುತ್ತದೆ. ಕೈಯ ಚಲನೆಯನ್ನು ನಿಲ್ಲಿಸಲು ಆರೋಗ್ಯವಂತರಿಗೆ ಸುಮಾರು 200ರಿಂದ 250 ಮಿಲಿಸೆಕೆಂಡ್ ಬೇಕು. ಮದ್ಯವ್ಯಸನಿಗಳಲ್ಲಿ ಈ 'ನಿಲ್ಲು' ಸಾಮಾನ್ಯವಾಗಿ ನಿಧಾನಗೊಂಡಿರುತ್ತದೆ. ಇಲ್ಲವಾಗಿರುವುದಿಲ್ಲ, ನಿಧಾನಗೊಂಡಿರುತ್ತದೆ ಎಂಬುದನ್ನು ಓದುಗರು ಗಮನಿಸಬೇಕು.

ಚರಕನು ಇದಕ್ಕೆ ಧೃತಿ ಎಂದು ಹೆಸರಿಡುತ್ತಾನೆ. ಶಾರೀರಸ್ಥಾನದ ಮೊದಲ ಅಧ್ಯಾಯದಲ್ಲಿ ಧೀ, ಧೃತಿ, ಸ್ಮೃತಿ ಎಂಬ ಮೂರು ಕೆಟ್ಟಾಗ ಮನುಷ್ಯನು ಮಾಡುವ ತಪ್ಪಿಗೆ ಪ್ರಜ್ಞಾಪರಾಧವೆಂದು ಕರೆದು, ಅದನ್ನು ಎಲ್ಲ ದೋಷಗಳನ್ನೂ ಕೆರಳಿಸುವ ಕಾರಣವೆನ್ನುತ್ತಾನೆ. ಹಿತ ಯಾವುದು ಅಹಿತ ಯಾವುದು ಎಂದು ತಿಳಿಯುವುದು ಧೀ. ತಿಳಿದದ್ದನ್ನು ಬೇಕಾದ ಹೊತ್ತಿಗೆ ನೆನೆಯುವುದು ಸ್ಮೃತಿ. ವಿಷಯದತ್ತ ಹರಿಯುತ್ತಿರುವ ಮನಸ್ಸನ್ನು ಅಹಿತದಿಂದ ಹಿಡಿದು ನಿಲ್ಲಿಸುವುದು ಧೃತಿ. ನಮ್ಮ ಎದುರಿಗೆ ಕುಳಿತ ತಂದೆಗೆ ಧೀ ಇತ್ತು. ಕುಡಿತ ಕೆಟ್ಟದ್ದೆಂದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತಿತ್ತು. ನಾವು ವೈದ್ಯರು, ಮನೆಯವರು, ಗುರುಹಿರಿಯರು ಸಾಮಾನ್ಯವಾಗಿ ಮಾಡುವ ತಪ್ಪೆಂದರೆ, ಧೃತಿ ಸೋತವನಿಗೆ ಮತ್ತೆ ಮತ್ತೆ ಧೀಯನ್ನೇ ಉಣಬಡಿಸುವುದು.

ಸೂತ್ರಸ್ಥಾನದ ಏಳನೆಯ ಅಧ್ಯಾಯದ ವಿಭಜನೆ ಇಲ್ಲಿ ಬಹಳ ಉಪಯುಕ್ತ. ಮಲ, ಮೂತ್ರ, ಸೀನು, ಹಸಿವು, ಬಾಯಾರಿಕೆ, ನಿದ್ರೆ ಮೊದಲಾದ ಹದಿಮೂರು ವೇಗಗಳನ್ನು ತಡೆಯಲೇಬಾರದು. ಲೋಭ, ಶೋಕ, ಭಯ, ಕ್ರೋಧ, ಈರ್ಷ್ಯೆ, ಅತಿಯಾದ ರಾಗ ಮೊದಲಾದವುಗಳನ್ನು ತಡೆಯಬೇಕು. ಎಲ್ಲವನ್ನೂ ಇಚ್ಛಾಶಕ್ತಿಯಿಂದ ತಡೆಯಬಲ್ಲೆನೆಂಬ ಹಮ್ಮೂ ಆಯುರ್ವೇದಕ್ಕೆ ಸಮ್ಮತವಲ್ಲ.

ಆ ಹಮ್ಮು ಏನು ಮಾಡಬಲ್ಲದೆಂಬುದನ್ನು ನಾವೇ ಕಂಡಿದ್ದೇವೆ. ವೃತ್ತಿ ಆರಂಭಿಸಿದ ಹೊಸತು. ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಮೂಟೆ ಹೊರುವ ಒಬ್ಬರು ನಮ್ಮಲ್ಲಿಗೆ ಬರುತ್ತಿದ್ದರು. ಬೆಳಿಗ್ಗೆ ಎದ್ದೊಡನೆ ಕುಡಿಯದೆ ಇರಲಾರದ ಸ್ಥಿತಿ. ನಾವು ಯೌವನದ ಉತ್ಸಾಹದಲ್ಲಿ ಗಂಟೆಗಟ್ಟಲೆ ಉಪದೇಶ ಮಾಡಿ, ಇಂದಿನಿಂದಲೇ ಒಂದು ಹನಿಯೂ ಇಲ್ಲ ಎಂದು ಅವರಿಂದ ಇಷ್ಟಲಿಂಗದ ಮೇಲೆ ಆಣೆ ಮಾಡಿಸಿದೆವು. ಅವರು ಆಣೆಯನ್ನು ಉಳಿಸಿಕೊಂಡರು. ಮೂರನೆಯ ರಾತ್ರಿ ಮೈಯೆಲ್ಲ ಬೆವತು, ಗೋಡೆಯ ಮೇಲೆ ಹುಳುಗಳು ಹರಿಯುತ್ತಿವೆ ಎಂದು ಕಿರುಚುತ್ತ, ಹೆಂಡತಿ ಮಕ್ಕಳ ಗುರುತು ಸಿಗದೆ ಒದ್ದಾಡಿದರು. ಮನೆಯವರು ದೆವ್ವ ಮೆಟ್ಟಿದೆ ಎಂದುಕೊಂಡು ಒಂದು ಹಗಲನ್ನು ಕಳೆದರು. ಸೆಳವು ಬಂದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಪ್ರಾಣ ಉಳಿಯಿತು. ಅವರು ಮತ್ತೆಂದೂ ನಮ್ಮಲ್ಲಿಗೆ ಬರಲಿಲ್ಲ. ಬರಲಿ ಎಂದು ನಾವು ಹೇಳಿಕಳುಹಿಸುವ ಧೈರ್ಯವನ್ನೂ ಮಾಡಲಿಲ್ಲ. ಅವರ ಸಂಕಲ್ಪದಲ್ಲಿ ಕೊರತೆಯಿರಲಿಲ್ಲ. ಕೊರತೆಯಿದ್ದುದು ನಮ್ಮ ತಿಳಿವಳಿಕೆಯಲ್ಲಿ.

ಆದಕಾರಣ ಇದನ್ನು ಸ್ಪಷ್ಟವಾಗಿ ಬರೆಯುತ್ತೇವೆ. ಅನೇಕ ವರ್ಷಗಳಿಂದ ದಿನವೂ ಹೆಚ್ಚಾಗಿ ಕುಡಿಯುತ್ತಿರುವವರು, ವಿಶೇಷವಾಗಿ ಬೆಳಗಿನ ನಡುಕಕ್ಕೆ ಕುಡಿಯುವವರು, ಮನೆಯಲ್ಲಿ ತಾವಾಗಿಯೇ ಏಕಾಏಕಿ ನಿಲ್ಲಿಸಬಾರದು. ಕೊನೆಯ ಸೇವನೆಯ ಬಳಿಕ 6ರಿಂದ 48 ಗಂಟೆಗಳೊಳಗೆ ಫಿಟ್ಸ್ ಬರಬಹುದು. ಎರಡು ಮೂರನೆಯ ದಿನ ಸನ್ನಿ ಹಿಡಿಯಬಹುದು. ಅದರಿಂದ ಸಾವೂ ಸಂಭವಿಸಬಹುದು. ಅಂಥವರನ್ನು ಆಸ್ಪತ್ರೆಯಲ್ಲಿ ವೈದ್ಯರ ನಿಗಾದಲ್ಲಿ, ಬಿ1 ಜೀವಸತ್ವ ಮತ್ತು ತಕ್ಕ ಔಷಧಗಳೊಡನೆ ಬಿಡಿಸಬೇಕು. ಈ ಹಂತ ಕಷಾಯ ಚೂರ್ಣಗಳದ್ದಲ್ಲ. ನಮ್ಮ ಕೆಲಸ ಆಮೇಲೆ. ಎಲ್ಲಿಗೆ ಹೋಗುವುದೆಂದು ತಿಳಿಯದವರು 14416 ಸಂಖ್ಯೆಯ ಟೆಲಿ ಮಾನಸ್ ಸಹಾಯವಾಣಿಗೆ ಕರೆ ಮಾಡಿ ಕನ್ನಡದಲ್ಲಿಯೇ ಕೇಳಬಹುದು. ಅಹಿತವಾದ ಅಭ್ಯಾಸವನ್ನು ಕಾಲುಭಾಗ ಕಾಲುಭಾಗವಾಗಿ, ನಡುವೆ ದಿನಗಳ ಅಂತರವಿಟ್ಟು ಬಿಡಬೇಕೆಂದು ಚರಕನು ಅದೇ ಏಳನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ನಾವು ಓದಿ ಪರೀಕ್ಷೆಯಲ್ಲಿ ಬರೆದಿದ್ದ ವಿಷಯವೇ ಅದು. ಆ ದಿನ ಸ್ಮೃತಿ ಕೆಟ್ಟಿದ್ದು ನಮ್ಮದೇ.

ಧೃತಿ ಹೆಚ್ಚುವುದು ಹೇಗೆ? ಅದು ದೇಹದಲ್ಲಿ ನೆಲೆಸಿದ ಶಕ್ತಿಯಾದ್ದರಿಂದ ದೇಹದ ಮೂಲಕವೂ ಹೆಚ್ಚಬೇಕು. ನಿದ್ದೆಗೆಟ್ಟವನ, ಹಸಿದವನ ಧೃತಿ ಸಂಜೆಯ ಹೊತ್ತಿಗೆ ಬಲಹೀನ. ಆದುದರಿಂದ ವ್ಯಸನ ಬಿಟ್ಟವರಿಗೆ ನಾವು ಮೊದಲು ಹೇಳುವುದು ಸಂಜೆ ಐದು ಗಂಟೆಗೆ ಹೊಟ್ಟೆ ತುಂಬ ತಿನ್ನಿರಿ ಎಂದು. ರಾಗಿ ಮುದ್ದೆಯಾದರೂ ಸರಿ, ಅವಲಕ್ಕಿಯಾದರೂ ಸರಿ. ಎರಡನೆಯದಾಗಿ, ಓಟವನ್ನು ಕೊನೆಯ 200 ಮಿಲಿಸೆಕೆಂಡಿಗೆ ತಂದುಕೊಳ್ಳಬಾರದು. ಲೋಟ ಕೈಯಲ್ಲಿರುವಾಗ ತಡೆಯುವುದಕ್ಕಿಂತ ಅಂಗಡಿಯ ಬೀದಿಗೆ ತಿರುಗುವ ಮೊದಲು ತಡೆಯುವುದು ಸುಲಭ, ಅದಕ್ಕಿಂತಲೂ ಸುಲಭವಾದುದು ಸಂಬಳದ ದಿನ ಹಣವನ್ನು ಹೆಂಡತಿಯ ಖಾತೆಗೆ ಹಾಕಿಬಿಡುವುದು. ಮನುಷ್ಯನು ಸಂಜೆ ಏಳಕ್ಕೆ ಹೆಚ್ಚು ಸ್ವತಂತ್ರನಲ್ಲದಿರಬಹುದು. ಬೆಳಿಗ್ಗೆ ಹತ್ತಕ್ಕೆ ಇರುತ್ತಾನೆ. ಬೆಳಗಿನವನು ಸಂಜೆಯವನಿಗೆ ದಾರಿ ಮಾಡಿಡಬೇಕು.

ಷಟ್‌ಸ್ಥಲದಲ್ಲಿ ಮಹೇಶನಿಗೆ ನಿಷ್ಠಾಭಕ್ತಿಯನ್ನೂ ಪ್ರಸಾದಿಗೆ ಅವಧಾನಭಕ್ತಿಯನ್ನೂ ಹೇಳಿದ್ದಾರೆ. ಬಾಯಿಗೆ ಇಡುವ ಪ್ರತಿಯೊಂದನ್ನೂ ಎಚ್ಚರದಿಂದ, ಅರ್ಪಿಸಿ, ಸ್ವೀಕರಿಸುವುದು ಅವಧಾನ. ಇಷ್ಟಲಿಂಗಪೂಜೆಯನ್ನು ಚಿಕಿತ್ಸೆಯೆಂದು ಕರೆದು ಕಿರಿದಾಗಿಸುವ ಇಚ್ಛೆ ನಮಗಿಲ್ಲ. ಅದರ ಗುರಿ ಬೇರೆ. ಆದರೆ ದಿನಕ್ಕೆ ಎರಡು ಹೊತ್ತು, ಅಂಗೈಯಲ್ಲಿ ದೃಷ್ಟಿ ನಿಲ್ಲಿಸಿ, ಹರಿದುಹೋದ ಮನಸ್ಸನ್ನು ಮತ್ತೆ ಮತ್ತೆ ಕರೆತರುವ ಅಭ್ಯಾಸವುಳ್ಳವನಿಗೆ, ಪ್ರೇರಣೆಯೊಂದು ಏಳುವುದನ್ನು ಏಳುವಾಗಲೇ ಕಾಣುವ ರೂಢಿ ಇರುತ್ತದೆ ಎಂಬುದು ನಮ್ಮ ಅನುಭವ. ಅಂದು ಆಣೆಗೆ ಬಳಸಿದ ಲಿಂಗವನ್ನು ನಾವು ಅಭ್ಯಾಸಕ್ಕೆ ನೆನಪಿಸಬೇಕಿತ್ತು.

ಬೈಯುವುದು ಅನ್ಯಾಯವೇ ಎಂದು ಹುಡುಗನು ಕೇಳಿದ್ದನಲ್ಲವೇ? ಬೈಗುಳ ನಿಷ್ಪ್ರಯೋಜಕ; ಅದು ಒತ್ತಡವನ್ನು ಹೆಚ್ಚಿಸಿ ಧೃತಿಯನ್ನು ಇನ್ನಷ್ಟು ಕುಗ್ಗಿಸುತ್ತದೆ. ಆದರೆ ಬೈಯದಿರುವುದೆಂದರೆ ಹೊಣೆಯಿಂದ ಬಿಡುಗಡೆ ಮಾಡುವುದಲ್ಲ. ಕಾಲು ಮುರಿದವನನ್ನು ನಡೆಯಲಿಲ್ಲವೆಂದು ಹಳಿಯುವುದಿಲ್ಲ, ಆದರೆ ಪಟ್ಟಿ ಬಿಚ್ಚಿದ ಮೇಲೆ ಅವನೇ ಹೆಜ್ಜೆಯಿಡಬೇಕು. ತಂದೆಗೆ ಇದನ್ನೇ ಹೇಳಿ, ಯಕೃತ್ತಿನ ವರದಿಯನ್ನು ಬರೆದುಕೊಟ್ಟು ಆಸ್ಪತ್ರೆಗೆ ಕಳುಹಿಸಿದೆವು.

ಅವರು ಹದಿನೈದು ದಿನ ಅಲ್ಲಿದ್ದು ಬಂದರು. ಈಗ ಹನ್ನೊಂದು ವಾರಗಳಾಗಿವೆ. ನಡುವೆ ಗಣೇಶನ ಹಬ್ಬದ ಮರುದಿನ ಒಮ್ಮೆ ಎಡವಿದರು. ಮರೆಮಾಚದೆ ಬಂದು ಹೇಳಿದರು. ಬಿಟ್ಟ ಬಳಿಕ ಹಠಾತ್ತನೆ ಅತಿಯಾಗಿ ಕುಡಿದರೆ ಬರುವ ಧ್ವಂಸಕ, ವಿಕ್ಷಯ ಎಂಬ ಎರಡು ರೋಗಗಳನ್ನು ಚರಕನು ಹೆಸರಿಸಿದ್ದಾನೆ. ಅದನ್ನು ವಿವರಿಸಿ, ಔಷಧವನ್ನು ಮುಂದುವರಿಸಿದೆವು. ಪೀಣ್ಯದಿಂದ ಬರುವಾಗ ಹೆಬ್ಬಾಳದಲ್ಲಿ ಬಸ್ಸು ಬದಲಿಸಲು ನಿಲ್ಲುವ ಇಪ್ಪತ್ತು ನಿಮಿಷವೇ ತಮಗೆ ಗಂಡಾಂತರವೆಂದು ಅವರೇ ಕಂಡುಕೊಂಡಿದ್ದಾರೆ. ಈಗ ಜಾಲಹಳ್ಳಿಯ ಗಂಗಮ್ಮನ ವೃತ್ತದ ಮಾರ್ಗವಾಗಿ ಬರುತ್ತಾರೆ. ಅರ್ಧ ಗಂಟೆ ತಡವಾಗುತ್ತದಂತೆ.

ಮೊನ್ನೆ ಮಗನೊಬ್ಬನೇ ಬಂದಿದ್ದನು. ತಂದೆಯ ಔಷಧವನ್ನು ತೆಗೆದುಕೊಂಡು ಬಾಗಿಲವರೆಗೆ ಹೋದವನು ಹಿಂದಿರುಗಿ, ಕಾಲೇಜಿನ ಗೆಳೆಯರೊಡನೆ ತಿಂಗಳಿಗೆ ಎರಡು ಬಾರಿ ತಾನೂ ಬಿಯರ್ ಕುಡಿಯುವುದುಂಟು, ಯಾರಿಗೂ ಹೇಳಿಲ್ಲ ಎಂದನು. ಕುಳಿತುಕೊಳ್ಳಲು ಹೇಳಿದೆವು. ಹೊರಗೆ ಕಾದಿದ್ದವರಿಗೆ ಇನ್ನೂ ಅರ್ಧ ಗಂಟೆ ಆಗುತ್ತದೆಂದು ತಿಳಿಸಿ ಬಾಗಿಲು ಹಾಕಿಕೊಂಡೆವು.